ಮೇಸ್ತ್ರಿಯ ಉತ್ತರದ ಗೋಡೆ

ಪೇಟೆಯ ನಡುವಿನ ಹಳೆ ಚರ್ಚಿಗೆ ಮೊದಲು ಏಳು ಮೆಟ್ಟಿಲುಗಳಿದ್ದವು, ಈಗ ನಾಲ್ಕೇ ಇವೆ. ಉಳಿದ ಮೂರನ್ನು ಯಾರೂ ಹೊತ್ತುಕೊಂಡು ಹೋಗಿಲ್ಲ. ರಸ್ತೆಗೆ ಡಾಂಬರು ಹಾಕಲು ಬಂದವರೆಲ್ಲ ಹಳೆಯದನ್ನು ಕೀಳುವ ಗೋಜಿಗೆ ಹೋಗದೆ ಅದರ ಮೇಲೆಯೇ ಹೊಸದನ್ನು ಬಳಿದು ಹೋದರು. ರಸ್ತೆ ಮೇಲೇರುತ್ತ ಬಂತು, ಚರ್ಚು ಇದ್ದಲ್ಲೇ ಇತ್ತು. ಪೇಟೆಯ ಜನ ಇದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಮೆಟ್ಟಿಲು ಕಡಿಮೆಯಾದರೆ ಮೊಣಕಾಲಿಗೆ ಒಳ್ಳೆಯದೇ ತಾನೆ! ಮುಳುಗಿದ ಮೆಟ್ಟಿಲು ನೋಡಿ ಸಂಕಟಪಟ್ಟವನು ಒಬ್ಬನೇ, ಚರ್ಚಿನ ಮೇಸ್ತ್ರಿ. ರಸ್ತೆ ಏರಿದಷ್ಟೂ ಮಳೆನೀರು ಗೋಡೆಯ ಬುಡಕ್ಕೆ ನುಗ್ಗುತ್ತದೆ. ಬುಡಕ್ಕೆ ನುಗ್ಗಿದ ನೀರು ಗೋಡೆಯೊಳಗೆ ಏನು ಮಾಡುತ್ತದೆ ಎಂಬುದು ಅವನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದೂ ಬಾಯಿ ಬಿಡದೆ ಅವನು ನಲವತ್ತು ವರ್ಷ ಕಳೆದಿದ್ದ.

ಮೇಸ್ತ್ರಿಗೆ ಈಗ ಅರವತ್ತೆಂಟು. ಚರ್ಚಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಮಗಳು ಚರ್ಚಿನ ಆಫೀಸಿನಲ್ಲೇ ಗುಮಾಸ್ತೆ. ಮದುವೆಯಾಗಿ ಪಕ್ಕದ ಬೀದಿಯಲ್ಲಿದ್ದಾಳೆ, ದಿನಕ್ಕೆ ಎರಡು ಸಲ ಬಂದು ಅಪ್ಪನನ್ನು ಗದರಿಸಿ ಹೋಗುತ್ತಾಳೆ. ಅವನು ಬೆಳಿಗ್ಗೆ ಎದ್ದು ಮುಖ ತೊಳೆದವನೇ ಚರ್ಚಿಗೆ ಒಂದು ಸುತ್ತು ಹಾಕುತ್ತಾನೆ. ಎಲ್ಲಿ ಹೆಂಚು ಜಾರಿದೆ, ಎಲ್ಲಿ ಬಿರುಕಿನಲ್ಲಿ ಗಿಡ ಚಿಗುರಿದೆ, ಯಾವ ಕಿಟಕಿಯ ಸೀಸದ ಪಟ್ಟಿ ಸಡಿಲವಾಗಿದೆ, ಎಲ್ಲ ನೋಡಿಕೊಂಡು ಬರುತ್ತಾನೆ. ಅವನ ಲೆಕ್ಕದಲ್ಲಿ ಆ ಚರ್ಚು ಮನೆಯ ಹಿರಿಯಜ್ಜಿಯಿದ್ದ ಹಾಗೆ. ಕೀಲು ನೋವು ಇದ್ದೇ ಇರುತ್ತದೆ, ವಿಚಾರಿಸಿಕೊಳ್ಳುತ್ತಿರಬೇಕು ಅಷ್ಟೆ.

ಚರ್ಚಿನ ಬಗ್ಗೆ ಮಾತು ತೆಗೆದರೆ ಮೇಸ್ತ್ರಿಯನ್ನು ಹಿಡಿಯುವವರಿಲ್ಲ. ಅದನ್ನು ಒಂದೇ ಉಸಿರಿಗೆ ಕಟ್ಟಿದ್ದಲ್ಲ, ಮೂರು ತಲೆಮಾರು ಕಟ್ಟಿದ್ದು. ಕಿಟಕಿಯ ಕೆಳಗಿನವರೆಗೆ ಕಲ್ಲು, ಅದರ ಮೇಲೆ ಇಟ್ಟಿಗೆ. ಕಲ್ಲು ಸಿಗುವುದು ನಿಂತಿತೋ ಹೊರುವವರ ಬೆನ್ನು ಬಿದ್ದಿತೋ ದೇವರೇ ಬಲ್ಲ. ನಕ್ಷೆಯಲ್ಲಿ ಎರಡು ಗೋಪುರಗಳಿದ್ದವು. ಎಡಗಡೆಯದು ಆಕಾಶಕ್ಕೆ ಹೋಯಿತು, ಅದರಲ್ಲಿ ಗಂಟೆ ಇದೆ. ಬಲಗಡೆಯದು ಸೂರಿನ ಮಟ್ಟಕ್ಕೆ ನಿಂತು ಪಾರಿವಾಳಗಳ ಪಾಲಾಯಿತು. ಒಳಗೆ ಎರಡು ಸಾಲು ಕಂಬ. ಬಲಸಾಲಿನ ಮೂರನೆಯ ಕಂಬ ಉಳಿದವಕ್ಕಿಂತ ಒಂದು ಗೇಣು ದಪ್ಪ. "ಅದನ್ನ ಕಟ್ಟಿದವನಿಗೆ ಮೇಲಿನ ಭಾರದ ಮೇಲೆ ನಂಬಿಕೆ ಬರಲಿಲ್ಲ, ದೇವರ ಮೇಲೂ ಪೂರ್ತಿ ಬರಲಿಲ್ಲ. ಇರಲಿ ಅಂತ ಇನ್ನೊಂದು ವರಸೆ ಇಟ್ಟಿಗೆ ಸುತ್ತಿದ," ಎಂದು ಮೇಸ್ತ್ರಿ ನಗುತ್ತಾನೆ. ಸೂರು ಮರದ್ದು, ಮಗುಚಿಟ್ಟ ದೋಣಿಯ ಹಾಗೆ ಕಾಣುತ್ತದೆ. ಬಲಿಪೀಠದ ಹಿಂದಿನ ಬಣ್ಣದ ಗಾಜಿನಲ್ಲಿ ಒಂದು ಕೆಂಪು ತುಂಡು ಒಮ್ಮೆ ಬಿರುಗಾಳಿಗೆ ಒಡೆದು ಹೋಗಿ, ಅಲ್ಲಿ ಬರೀ ಬಿಳಿ ಗಾಜು ಕೂರಿಸಿದ್ದಾರೆ. ಬೆಳಿಗ್ಗೆಯ ಬಿಸಿಲು ಆ ಬಿಳಿ ತುಂಡಿನಿಂದ ನೇರವಾಗಿ ಹಾರ್ಮೋನಿಯಂ ನುಡಿಸುವ ಅಜ್ಜಿಯ ಕಣ್ಣಿಗೆ ಹೊಡೆಯುತ್ತದೆ.

ಇಷ್ಟೆಲ್ಲ ಹೇಳುವ ಮೇಸ್ತ್ರಿ ಉತ್ತರದ ಗೋಡೆ ಬಂದಾಗ ಮಾತ್ರ ಮಾತು ಬದಲಿಸುತ್ತಾನೆ.

ಉತ್ತರದ ಗೋಡೆಯ ಬಳಿ ಎರಡು ಸಂಗತಿಗಳಿವೆ. ಒಂದು, ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ. ಗೋಡೆಯಲ್ಲೇ ಕೊರೆದ ಒಂದು ಗೂಡಿನೊಳಗೆ ಅದು ಕೂತಿದೆ. ಪೇಟೆಯ ಕ್ರೈಸ್ತರ ಮನೆಗಳ ಕೂಸುಗಳೆಲ್ಲ ಅಲ್ಲಿ ತಲೆ ತೋಯಿಸಿಕೊಂಡು ಕಿರುಚಿವೆ. ಮೇಸ್ತ್ರಿ, ಅವನ ಹೆಂಡತಿ, ಅವನ ಮಗಳು, ಎಲ್ಲರೂ. ಇನ್ನೊಂದು, ಪಾಪನಿವೇದನೆಯ ಪೆಟ್ಟಿಗೆ. ಬೀರುವಿನಂಥ ಎತ್ತರದ ಮರದ ಪೆಟ್ಟಿಗೆ. ಒಳಗೆ ಫಾದರ್ ಕೂರುತ್ತಾರೆ, ಪಕ್ಕದಲ್ಲಿ ಜಾಲರಿಗೆ ಬಾಯಿ ಹಚ್ಚಿ ಜನ ತಮ್ಮ ತಪ್ಪು ಹೇಳಿಕೊಳ್ಳುತ್ತಾರೆ. ನಾಲ್ಕು ಆಳು ಸೇರಿದರೂ ಅಲುಗಿಸುವುದು ಕಷ್ಟ.

ಮೇಸ್ತ್ರಿಯ ಅಪ್ಪನೂ ಮೇಸ್ತ್ರಿಯೇ. ಅವನನ್ನು ದೊಡ್ಡ ಮೇಸ್ತ್ರಿ ಎನ್ನುತ್ತಿದ್ದರು. ಅವನದು ಸುಣ್ಣದ ಗಾರೆಯ ಕೈ. ಚರ್ಚಿನ ಹಿಂದೆ ಗುಂಡಿ ತೋಡಿ, ಸುಣ್ಣ ಅರಳಿಸಿ, ತಿಂಗಳುಗಟ್ಟಲೆ ನೀರಿನಡಿ ಮಾಗಲು ಬಿಡುತ್ತಿದ್ದ. ಯಾರಾದರೂ ಅವಸರ ಮಾಡಿದರೆ, "ನಾನು ರೆಡಿ ಇದೀನಪ್ಪ, ಸುಣ್ಣ ರೆಡಿ ಇಲ್ಲ. ಅದನ್ನೇ ಕೇಳು," ಎನ್ನುತ್ತಿದ್ದ. ಗೋಡೆ ನೀರು ಕುಡಿಯುತ್ತದೆ, ಕುಡಿದದ್ದನ್ನು ಉಸಿರಿನಲ್ಲಿ ಬಿಡುತ್ತದೆ, ಸುಣ್ಣ ಅದಕ್ಕೆ ದಾರಿ ಕೊಡುತ್ತದೆ ಎಂದು ಅವನ ಮಾತು. ಗಾರೆ ಮುಗಿದ ಮೇಲೆ, ಹಸಿ ಇರುವಾಗಲೇ, ಕೆಳಗಿನ ಮೂಲೆಯಲ್ಲಿ ಹೆಬ್ಬೆರಳು ಒತ್ತಿ, ಗೋಡೆಗೆ ಮೆಲ್ಲಗೆ ಹೇಳುತ್ತಿದ್ದ: "ಆಯ್ತು. ಇನ್ನು ಉಸಿರಾಡು." ಅವನ ಹೆಬ್ಬೆರಳನ್ನು ಎಂದೋ ಬಾಚಿ ಸೀಳಿತ್ತು. ಹಾಗಾಗಿ ಅವನ ಗುರುತಿನ ನಡುವೆ ಒಂದು ಓರೆ ಗೀಟು ಇರುತ್ತಿತ್ತು. ಚರ್ಚಿನಲ್ಲಿ ಅಂಥವು ಹನ್ನೊಂದಿವೆ ಎಂದು ಮೇಸ್ತ್ರಿ ಎಣಿಸಿದ್ದ.

ಮೇಸ್ತ್ರಿಗೆ ಇಪ್ಪತ್ತೈದಾಗಿದ್ದ ವರ್ಷ ದೊಡ್ಡ ಮೇಸ್ತ್ರಿ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡು ಐದು ತಿಂಗಳು ಮಲಗಿದ. ಅದೇ ಹೊತ್ತಿಗೆ ಬಿಷಪರು ಭೇಟಿಗೆ ಬರುತ್ತಾರೆಂದು ಗೊತ್ತಾಯಿತು. ಉತ್ತರದ ಗೋಡೆಯ ಒಳಮೈ ಗಾರೆ ಅಲ್ಲಲ್ಲಿ ಉದುರಿತ್ತು. ಆಗಿನ ಫಾದರಿಗೆ ಜೀವ ಬಾಯಿಗೆ ಬಂತು. "ಮೂರು ವಾರದಲ್ಲಿ ಆಗುತ್ತಾ?" ಎಂದು ಕೇಳಿದರು. ಸುಣ್ಣದಲ್ಲಾದರೆ ಆಗುತ್ತಿರಲಿಲ್ಲ. ಹುಡುಗ ಮೇಸ್ತ್ರಿ, "ಸಿಮೆಂಟಿನಲ್ಲಿ ಎಂಟೇ ದಿನ," ಎಂದುಬಿಟ್ಟ. ಅಪ್ಪನನ್ನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದ ಎಂಬುದು ಗೊತ್ತಿದ್ದರಿಂದಲೇ ಕೇಳಲಿಲ್ಲ. ಹಳೆ ಗಾರೆ ಕೆತ್ತಿ, ಪೆಟ್ಟಿಗೆಯನ್ನು ಸರಿಸಿ, ನೆಲದಿಂದ ಆಳೆತ್ತರದವರೆಗೆ ಸಿಮೆಂಟು ಮೆತ್ತಿದ. ಕನ್ನಡಿಯಂಥ ನಯ, ಉಗುರು ಹಾಕಿದರೆ ಉಗುರೇ ಮುರಿಯಬೇಕು. ಕೆಳಗಿನ ಮೂಲೆಯಲ್ಲಿ, ಅಪ್ಪನ ಹಾಗೆಯೇ, ಹೆಬ್ಬೆರಳು ಒತ್ತಿದ. ಬಿಷಪರು ಬೆನ್ನು ತಟ್ಟಿದರು.

ದೊಡ್ಡ ಮೇಸ್ತ್ರಿ ಊರುಗೋಲು ಹಿಡಿದು ಬಂದು ನೋಡಿದ. ಬೆರಳ ಗೆಣ್ಣಿನಿಂದ ಗೋಡೆಗೆ ಎರಡು ಸಲ ತಟ್ಟಿ ಕಿವಿ ಕೊಟ್ಟ. "ಗಟ್ಟಿಯಾಗಿದೆ," ಎಂದ. ಅಷ್ಟೇ. ಹೊಗಳಿಕೆಯೋ ಬೈಗುಳವೋ ಮಗನಿಗೆ ತಿಳಿಯಲಿಲ್ಲ. ಬಿಷಪರು ಮೆಚ್ಚಿದ ಹೆಸರಿನ ಬಲದಲ್ಲೇ ಇನ್ನೊಂದು ಊರಿನ ಸಿನಿಮಾ ಮಂದಿರದ ಕೆಲಸ ಸಿಕ್ಕಿ ಅವನು ನಾಲ್ಕು ತಿಂಗಳು ಹೊರಟುಹೋದ. ಅಲ್ಲಿಂದ ಆರು ವರ್ಷ ಅಪ್ಪ ಬದುಕಿದ್ದ. ಉತ್ತರದ ಗೋಡೆಯ ಮಾತನ್ನು ಮಗನೆದುರು ಒಮ್ಮೆಯೂ ಎತ್ತಲಿಲ್ಲ.

ಗೋಡೆ ಮಾತ್ರ ಮೊದಲ ಮಳೆಗಾಲಕ್ಕೇ ಮಾತಾಡಿತು. ಬಣ್ಣ ಉಬ್ಬಿತು, ಹಕ್ಕಳೆ ಎದ್ದಿತು, ಬಿಳಿ ಉಪ್ಪು ಕಾರಿತು. ಬುಡದ ನೀರು ಹೊರಬರಲು ದಾರಿಯಿಲ್ಲದೆ ಸಿಮೆಂಟಿನ ಹಿಂದೆಯೇ ಮೇಲೇರುತ್ತಿತ್ತು. ಮೂರನೆಯ ವರ್ಷಕ್ಕೆ ಮೇಸ್ತ್ರಿಗೆ ಎಲ್ಲ ಅರ್ಥವಾಯಿತು. ಹೇಳುವ ಧೈರ್ಯ ಬರಲಿಲ್ಲ. ಪ್ರತಿವರ್ಷ ಮಳೆ ಮುಗಿದ ಮೇಲೆ ಬಂದು, ಕೆರೆದು, ತೇಪೆ ಹಾಕಿ, ಬಣ್ಣ ಬಳಿದು ಹೋಗುತ್ತಿದ್ದ. ಪೆಟ್ಟಿಗೆಯನ್ನು ಸರಿಸುವ ಗೋಜಿಗೆ ಹೋಗದೆ ಅದರ ಸುತ್ತಲೇ ಬಳಿಯುತ್ತಿದ್ದ. ಯಾರೋ ಒಮ್ಮೆ, "ಈ ಗೋಡೆಗೆ ಮಾತ್ರ ಯಾಕೆ ಮೇಸ್ತ್ರಿ ಈ ಥಂಡಿ?" ಎಂದು ಕೇಳಿದಾಗ ಬಾಯಿಗೆ ಬಂದದ್ದನ್ನು ಹೇಳಿದ: "ಕೆಳಗೆ ಯಾವುದೋ ಹಳೆ ಬಾವಿ ಇರಬೇಕು."

ಆ ಬಾವಿಗೆ ಕೈಕಾಲು ಬಂತು. ಚರ್ಚು ಕಟ್ಟಿದವರು ಅದರದೇ ನೀರು ಕುಡಿದರು ಎಂದು ಒಬ್ಬರು ಸೇರಿಸಿದರು. ಅದಕ್ಕೆ ತಳವೇ ಇರಲಿಲ್ಲ ಎಂದು ಮತ್ತೊಬ್ಬರು. ಹಾರ್ಮೋನಿಯಂ ಅಜ್ಜಿ ತನ್ನಜ್ಜಿ ಆ ಬಾವಿಯಿಂದ ನೀರು ಸೇದಿದ್ದಳು ಎಂದು ಆಣೆ ಹಾಕಿ ಹೇಳತೊಡಗಿದಳು. ಮೇಸ್ತ್ರಿ ಕೇಳಿ ಕೇಳಿ, ಕೊನೆಗೆ ನಿಜಕ್ಕೂ ಬಾವಿ ಇದ್ದಿರಬಹುದೇ ಎಂದು ಅವನಿಗೇ ಅನುಮಾನ ಬರುವಷ್ಟಾಯಿತು.

ಈ ವರ್ಷ ಚರ್ಚಿಗೆ ನೂರೈವತ್ತು ತುಂಬುತ್ತದೆ. ಅದಕ್ಕೆಂದು ಮಗಳು ಚರ್ಚಿನ ಇತಿಹಾಸದ ಒಂದು ಪುಸ್ತಿಕೆ ಬರೆಯುತ್ತಿದ್ದಳು. ಒಂದು ಮಧ್ಯಾಹ್ನ ಅಪ್ಪನ ಮುಂದೆ ಕೂತು ಓದಿದಳು: "ಉತ್ತರದ ಗೋಡೆಯ ಅಡಿಯಲ್ಲಿ ಪುರಾತನ ಬಾವಿಯೊಂದಿದ್ದು, ಅದನ್ನು ಸರಿಯಾಗಿ ಮುಚ್ಚದ ಕಾರಣ ತಳಪಾಯ ಟೊಳ್ಳಾಗಿದೆ. ಆದ್ದರಿಂದ ಈ ಗೋಡೆಯನ್ನು ತೆಗೆದು ಕಾಂಕ್ರೀಟಿನ ಹೊಸ ಗೋಡೆ ಕಟ್ಟಲಾಗುತ್ತಿದೆ."

ಮೇಸ್ತ್ರಿ ಕೈಯೆತ್ತಿ ಓದು ನಿಲ್ಲಿಸಿದ. "ತೆಗೆದು ಅಂದ್ರೆ?"

"ಗೊತ್ತಿಲ್ವಾ ನಿಂಗೆ? ಇಂಜಿನಿಯರಮ್ಮ ಬಂದು ನೋಡಿದ್ರಲ್ಲ. ಗೋಡೆಯೆಲ್ಲ ಒದ್ದೆ, ತಟ್ಟಿದ್ರೆ ಡಬ್ಬ ಅನ್ನುತ್ತೆ, ಕೆಳಗೆ ಬಾವಿ ಬೇರೆ ಇದೆ ಅಂತ ಎಲ್ಲರೂ ಹೇಳಿದ್ರು. ಯಾವತ್ತು ಕೂರುತ್ತೋ ಹೇಳಕ್ಕಾಗಲ್ಲ, ತೆಗೆದುಬಿಡಿ ಅಂತ ಬರೆದುಕೊಟ್ಟಿದಾರೆ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಮೀಟಿಂಗ್. ಒಪ್ಪಿಗೆಯಾದ್ರೆ ಸೋಮವಾರದಿಂದಲೇ ಕೆಲಸ."

"ದೀಕ್ಷಾಸ್ನಾನದ ತೊಟ್ಟಿ?"

"ತೊಟ್ಟಿ ಬೇರೆ ಕಡೆ ಇಡ್ತಾರೆ. ಆ ಗೂಡು ಹೋಗುತ್ತೆ, ಏನ್ಮಾಡೋದು." ಮಗಳು ಕಾಗದ ಮಡಚುತ್ತ, "ಬಾವಿ ವಿಷಯ ನಿನ್ನ ಬಾಯಿಂದ ಕೇಳಿದ್ದು ಅಂತ ಕೊನೆಗೆ ನಿನ್ನ ಹೆಸರೂ ಹಾಕ್ತೀನಪ್ಪ," ಎಂದು ನಕ್ಕಳು.

ನೂರೈವತ್ತು ವರ್ಷ ನಿಂತ ಗೋಡೆ ತನ್ನ ಒಂದು ಸುಳ್ಳಿಗೆ ಬೀಳಲಿದೆ. ಆ ಸುಳ್ಳು ತನ್ನ ಮಗಳ ಕೈಯಿಂದಲೇ ಅಚ್ಚಾಗಲಿದೆ. ಮೇಸ್ತ್ರಿ ಎರಡು ದಿನ ಅರ್ಧ ಊಟಕ್ಕೇ ಎದ್ದ.

ಶನಿವಾರ ಸಂಜೆ ಅವನು ಪಾಪನಿವೇದನೆಗೆ ಹೋದ. ತನ್ನ ಸಿಮೆಂಟು ಮೆತ್ತಿದ ಗೋಡೆಗೇ ಒರಗಿದ ಪೆಟ್ಟಿಗೆಯ ಪಕ್ಕ ಮಂಡಿಯೂರಿ, ಜಾಲರಿಗೆ ಬಾಯಿ ಹಚ್ಚಿ, ಸಿಮೆಂಟು, ತೇಪೆ, ಬಾವಿ, ಎಲ್ಲ ಹೇಳಿದ. ಗೋಡೆ ಗಟ್ಟಿಯಾಗಿಯೇ ಇದೆ, ಹೊದಿಕೆ ಕಿತ್ತರೆ ಒಣಗುತ್ತದೆ, ಕೆಡವುವುದು ಬೇಡ ಎಂದೂ ಹೇಳಿದ. ಒಳಗಿದ್ದ ಫಾದರ್ ಅವನಿಗಿಂತ ಮೂವತ್ತು ವರ್ಷ ಚಿಕ್ಕವರು, ಪೇಟೆಗೆ ಬಂದು ಎರಡೇ ವರ್ಷ. ಎಲ್ಲ ಕೇಳಿ, "ಇದನ್ನ ಇಲ್ಲಿಗೇ ಬಿಡಬೇಡಿ. ಹೊರಗೆ ಹೇಳಬೇಕಾದವರಿಗೆ ಬೇಗ ಹೇಳಿ," ಎಂದರು. ಪ್ರಾರ್ಥನೆ ಹೇಳಿಕೊಟ್ಟು ಕ್ಷಮೆ ಕೊಟ್ಟು ಕಳಿಸಿದರು.

ಮೇಸ್ತ್ರಿ ಹಗುರಾಗಿ ಹೊರಬಂದ. ಹೇಳಬೇಕಾದವರು ಯಾರು? ಚರ್ಚಿನ ಯಜಮಾನರು ಫಾದರ್. ಅವರಿಗೆ ಹೇಳಿಯಾಯಿತಲ್ಲ! ಇನ್ನು ಅವರು ಇಂಜಿನಿಯರಮ್ಮನಿಗೆ ಒಂದು ಮಾತು ಹೇಳುತ್ತಾರೆ, ಕೆಲಸ ನಿಲ್ಲುತ್ತದೆ, ಯಾರು ಹೇಳಿದರು ಎಂದು ಯಾರೂ ಕೇಳುವುದಿಲ್ಲ. ತನ್ನ ಮಾನವೂ ಉಳಿಯಿತು, ಗೋಡೆಯೂ ಉಳಿಯಿತು. ಅಂದು ಅವನು ಎರಡು ತುತ್ತು ಹೆಚ್ಚೇ ಉಂಡ.

ಭಾನುವಾರ ಬಲಿಪೂಜೆಯಲ್ಲಿ ಫಾದರ್ ಏನೂ ಹೇಳಲಿಲ್ಲ. ಸೋಮವಾರ, ಮಂಗಳವಾರ ಏನೂ ಆಗಲಿಲ್ಲ. ಬುಧವಾರ ಲಾರಿಯೊಂದು ಬಂದು ಉತ್ತರದ ಗೋಡೆಯ ಹೊರಗೆ ಸಾರುವೆ ಕಟ್ಟುವ ಕಬ್ಬಿಣದ ಕೊಳವೆಗಳನ್ನು ಇಳಿಸಿ ಹೋಯಿತು. ಮೇಸ್ತ್ರಿಗೆ ಸಿಟ್ಟು ನೆತ್ತಿಗೇರಿತು. ಓದಿದವರು, ಬಟ್ಟೆ ಬಿಳಿ ಇದ್ದ ಮಾತ್ರಕ್ಕೆ ಆಯಿತೇ? ಅಷ್ಟು ಕಷ್ಟಪಟ್ಟು ಹೇಳಿದ್ದನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಕೂತಿದ್ದಾರಲ್ಲ!

ಗುರುವಾರ ಅವನು ನೇರವಾಗಿ ಆಫೀಸಿಗೆ ಹೋದ. ಫಾದರ್ ಮೇಜಿನ ಹಿಂದೆ ಕೂತಿದ್ದರು.

"ಫಾದರ್, ಆ ಗೋಡೆ ವಿಷಯ..."

ಫಾದರ್ ತಟ್ಟನೆ ಎದ್ದು ನಿಂತರು. "ಹೇಳಿ ಮೇಸ್ತ್ರಿ. ಯಾವ ಗೋಡೆ? ಏನು ವಿಷಯ? ಕೂತ್ಕೊಳ್ಳಿ, ಎಲ್ಲ ಹೇಳಿ." ಅವರ ಕಣ್ಣಿನಲ್ಲಿ ಎಂಥ ಆತುರ! ಮೊದಲ ಸಲ ಕೇಳುವವರ ಹಾಗೆ ಕುರ್ಚಿ ಎಳೆದು ಕೊಟ್ಟರು.

ಮೇಸ್ತ್ರಿ ಕಕ್ಕಾಬಿಕ್ಕಿಯಾದ. ಅಷ್ಟರಲ್ಲಿ ಮಗಳು ಫೈಲು ಹಿಡಿದು ಒಳಬಂದಳು. "ಏನಪ್ಪ, ಇಲ್ಲಿ?" ಎಂದಳು. ಮೇಸ್ತ್ರಿ "ಏನಿಲ್ಲ, ಸುಮ್ನೆ," ಎಂದು ಹೊರಬಿದ್ದ. ಹೋಗುವಾಗ ತಿರುಗಿ ನೋಡಿದರೆ ಫಾದರ್ ಇನ್ನೂ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು.

ಗೋಪುರದ ಬುಡದಲ್ಲಿ ಗಂಟೆಯವನು ಹಗ್ಗಕ್ಕೆ ಎಣ್ಣೆಬಟ್ಟೆ ಉಜ್ಜುತ್ತಿದ್ದ. ಮೇಸ್ತ್ರಿಯ ವಾರಿಗೆಯವನು, ಐವತ್ತು ವರ್ಷದಿಂದ ಗಂಟೆ ಬಾರಿಸಿ ಒಂದು ಕಿವಿ ಮಂದ, ಬಾಯಿ ಮಾತ್ರ ಚುರುಕು. ಮೇಸ್ತ್ರಿ ಅವನ ಪಕ್ಕ ಕುಕ್ಕರಿಸಿದ.

"ಅಲ್ಲ ಕಣೋ, ಯಾರಾದ್ರೂ ಪೆಟ್ಟಿಗೇಲಿ ಒಂದು ಉಪಯೋಗದ ವಿಷಯ ಹೇಳಿದ್ರು ಅಂತ ಇಟ್ಕೋ. ಚರ್ಚಿಗೇ ಒಳ್ಳೇದಾಗೋ ವಿಷಯ. ಫಾದರ್ ಅದರ ಮೇಲೆ ಏನೂ ಮಾಡಲ್ವಾ?"

ಗಂಟೆಯವನು ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ತಲೆ ಕೆಟ್ಟಿದೆಯಾ ನಿಂಗೆ? ಅಲ್ಲಿ ಹೇಳಿದ್ದನ್ನ ಫಾದರ್ ಹೊರಗೆ ಆಡೋ ಹಾಗಿಲ್ಲ, ಅದನ್ನ ನೆನೆಸ್ಕೊಂಡು ಹುಬ್ಬೂ ಎತ್ತೋ ಹಾಗಿಲ್ಲ. ಕತ್ತಿಗೆ ಕತ್ತಿ ಇಟ್ರೂ ಅಷ್ಟೆ. ಇದನ್ನ ಏಳನೇ ವಯಸ್ಸಲ್ಲಿ ಇಬ್ಬರೂ ಒಂದೇ ಬೆಂಚಲ್ಲಿ ಕೂತು ಕಲಿತ್ವಲ್ಲೋ! ನೀನು ಆಗಲೂ ನಿದ್ದೆ ಮಾಡ್ತಿದ್ದೆ."

ಮೇಸ್ತ್ರಿ ನಿದ್ದೆ ಮಾಡಿರಲಿಲ್ಲ. ಅವನಿಗೆ ಅದು ಏಳನೆಯ ವಯಸ್ಸಿನಿಂದ ಗೊತ್ತಿತ್ತು. ಗೊತ್ತಿದ್ದರಿಂದಲೇ, ಜಗತ್ತಿನಲ್ಲಿ ಹೇಳಿಯೂ ಹೇಳದಂತಾಗುವ ಒಂದೇ ಒಂದು ಜಾಗ ಹುಡುಕಿಕೊಂಡು ಹೋಗಿ ಅಲ್ಲಿ ಹೇಳಿ ಬಂದಿದ್ದ. ಅದನ್ನು ಈಗ ತನ್ನ ಮುಂದೆ ತಾನೇ ಒಪ್ಪಿಕೊಂಡಾಗ ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎಲ್ಲ ಗೊತ್ತಿದ್ದೂ ಗೋಡೆ ಬೀಳುವುದನ್ನು ಬಾಯಿ ಮುಚ್ಚಿ ನೋಡಬೇಕಾದ ಆ ಚಿಕ್ಕ ವಯಸ್ಸಿನ ಫಾದರನ್ನು ನೆನೆದು ಪಾಪ ಅನ್ನಿಸಿತು.

ಭಾನುವಾರ ಎರಡನೆಯ ಬಲಿಪೂಜೆ ಮುಗಿದ ಮೇಲೆ ಸಭೆ ಸೇರಿತು. ಇಂಜಿನಿಯರಮ್ಮ ನಕ್ಷೆ ತೂಗುಹಾಕಿ ವಿವರಿಸಿದರು. ಜನ ತಲೆಯಾಡಿಸಿದರು. ಕಾಗದ ಫಾದರ್ ಮುಂದೆ ಬಂತು. ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. "ಯಾರಾದರೂ ಏನಾದರೂ ಹೇಳೋದಿದ್ದರೆ ಹೇಳಿ," ಎಂದರು. ಯಾರೂ ಹೇಳಲಿಲ್ಲ. "ಏನೇ ಇದ್ದರೂ ಸರಿ," ಎಂದರು. ಯಾರ ಕಡೆಗೂ ನೋಡಲಿಲ್ಲ.

ಹಿಂದಿನ ಬೆಂಚಿನಿಂದ ಮೇಸ್ತ್ರಿ ಎದ್ದ. ಮುಂದಿನ ಬೆಂಚನ್ನು ಹಿಡಿದುಕೊಂಡ.

"ಬಾವಿ ಇಲ್ಲ," ಎಂದ.

ಎಲ್ಲರೂ ತಿರುಗಿದರು. "ಏನಂದ್ರಿ?" ಎಂದರು ಇಂಜಿನಿಯರಮ್ಮ.

"ಬಾವಿ ಇಲ್ಲಮ್ಮ. ಅದು ನಾನು ಕಟ್ಟಿದ ಕಥೆ. ಗೋಡೆ ಒದ್ದೆಯಾಗಿರೋದು ನನ್ನಿಂದ. ನಲವತ್ತಮೂರು ವರ್ಷದ ಹಿಂದೆ ಅಪ್ಪ ಹಾಸಿಗೇಲಿದ್ದಾಗ ಸುಣ್ಣದ ಗೋಡೆಗೆ ಸಿಮೆಂಟು ಮೆತ್ತಿದೆ. ನೀರು ಒಳಗೇ ಉಳೀತು. ಆಮೇಲೆ ಗೊತ್ತಾದ್ರೂ ಹೇಳಲಿಲ್ಲ, ಪ್ರತಿವರ್ಷ ಬಂದು ಬಣ್ಣ ಹಚ್ಚಿ ಮುಚ್ಚಿದೆ. ಡಬ್ಬ ಅನ್ನೋದು ನನ್ನ ಸಿಮೆಂಟು, ಗೋಡೆ ಅಲ್ಲ. ಗೋಡೇನ ಕೊಲ್ಲಬೇಡಿ."

ಹಾರ್ಮೋನಿಯಂ ಅಜ್ಜಿ ಮೊದಲು ಬಾಯಿ ಬಿಟ್ಟಳು. "ಅಯ್ಯೋ, ನಮ್ಮಜ್ಜಿ ಅದರ ನೀರು ಸೇದಿದ್ಲಲ್ಲೋ!"

ಯಾರೋ ಕಿಸಕ್ಕೆಂದರು. ಮಗಳು ನಗಲಿಲ್ಲ. ಮಡಿಲಲ್ಲಿದ್ದ ಪುಸ್ತಿಕೆಯ ಹಾಳೆಗಳ ಮೇಲೆ ಕೈಯಿಟ್ಟುಕೊಂಡು ಅಪ್ಪನನ್ನೇ ನೋಡುತ್ತಿದ್ದಳು.

"ಇದನ್ನ ಮೊದಲೇ ಹೇಳಬೇಕಿತ್ತು," ಎಂದರು ಇಂಜಿನಿಯರಮ್ಮ ಬಿಗಿಯಾಗಿ.

"ಹೌದಮ್ಮ. ನಲವತ್ತಮೂರು ವರ್ಷ ಮೊದಲೇ ಹೇಳಬೇಕಿತ್ತು."

ಫಾದರ್ ಪೆನ್ನು ಮುಚ್ಚಿ ಜೇಬಿಗೆ ಹಾಕಿದರು. ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. "ಮೇಸ್ತ್ರಿ, ನೀವು ಹೇಳಿದ್ದನ್ನ ನಾನೀಗ ಕೇಳಿದೆ," ಎಂದರು. ಅದರಲ್ಲಿ ಏನು ವಿಶೇಷ ಎಂದು ಮಿಕ್ಕವರಿಗೆ ತಿಳಿಯಲಿಲ್ಲ. ಸೋಮವಾರ ಬೆಳಿಗ್ಗೆ ಸಿಮೆಂಟು ಕಿತ್ತು ನೋಡುವುದು, ಆಮೇಲೆ ತೀರ್ಮಾನ ಎಂದಾಯಿತು.

ಮನೆಗೆ ಹೋಗುವ ದಾರಿಯಲ್ಲಿ ಮಗಳು ಓಣಿಯ ತಿರುವಿನಲ್ಲಿ, "ನಂಗಾದ್ರೂ ಹೇಳಬಾರದಿತ್ತಾ ಅಪ್ಪ?" ಎಂದಳು. ಅವಳು ಅವನ ತೋಳು ಹಿಡಿದುಕೊಂಡು ನಡೆದಳು.

ಸೋಮವಾರ ಮೇಸ್ತ್ರಿ ಉಳಿ, ಸುತ್ತಿಗೆ ತಾನೇ ತಂದ. ಕೆಳಗಿನ ಮೂಲೆಯಲ್ಲಿ ಬಣ್ಣದ ಪದರಗಳನ್ನು ಕೆರೆದಾಗ ಇಪ್ಪತ್ತೈದರ ಹುಡುಗನ ಹೆಬ್ಬೆರಳಿನ ಗುರುತು ಸಿಕ್ಕಿತು. ಮೊದಲ ಏಟು ಅದಕ್ಕೇ ಹಾಕಿದ. ಸಿಮೆಂಟು ದೊಡ್ಡ ದೊಡ್ಡ ಹಕ್ಕಳೆಯಾಗಿ ಬಿತ್ತು, ಹಿಂದಿನಿಂದ ಹಳೆ ನೆಲಮಾಳಿಗೆಯ ವಾಸನೆ ಬಂತು. ಕಲ್ಲುಗಳ ಸಂದಿನ ಗಾರೆ ಒದ್ದೆಯಾಗಿ ಮೆತ್ತಗಾಗಿತ್ತು, ಕಲ್ಲು ಮಾತ್ರ ಅಲುಗಿರಲಿಲ್ಲ.

ಇಂಜಿನಿಯರಮ್ಮ ತೇವ ಅಳೆಯುವ ಸಣ್ಣ ಯಂತ್ರ ಒತ್ತಿ ನೋಡಿ ತಲೆಯಾಡಿಸಿದರು. "ಕಲ್ಲು ಸರಿ ಇದೆ, ಒಪ್ತೀನಿ. ಆದರೆ ಸಿಮೆಂಟು ತೆಗೆದ ಮಾತ್ರಕ್ಕೆ ಒಣಗುತ್ತೆ ಅನ್ನೋದಕ್ಕೆ ಏನು ಆಧಾರ? ಬುಡದಲ್ಲಿ ನೀರಿದ್ದೇ ಇರುತ್ತಲ್ಲ ಮೇಸ್ತ್ರಿ. ನಿಮ್ಮ ಬಾಯಿಮಾತಿನ ಮೇಲೆ ಇಷ್ಟು ಜನರನ್ನ ಇದರ ಕೆಳಗೆ ಹೇಗೆ ಕೂರಿಸಲಿ?"

ಅದು ನ್ಯಾಯವಾದ ಮಾತೇ. ಮೇಸ್ತ್ರಿ ಉಳಿ ಮತ್ತೆ ಕೈಗೆತ್ತಿಕೊಂಡ. "ಇನ್ನೂ ಸ್ವಲ್ಪ ಕೀಳ್ತೀನಿ ತಾಯಿ, ನೋಡಿ," ಎಂದ. ಮುಂದೆ ಪೆಟ್ಟಿಗೆ ಅಡ್ಡ ಇತ್ತು. ಗಂಟೆಯವನು, ಫಾದರ್, ಕೆಲಸಕ್ಕೆ ಬಂದಿದ್ದ ಇಬ್ಬರು ಆಳುಗಳು ಸೇರಿ ಉಸ್ಸೆನ್ನುತ್ತ ಅದನ್ನು ಎಳೆದರು.

ಹಿಂದಿನ ಗೋಡೆ ಬೆಳ್ಳಗಿತ್ತು.

ಪೆಟ್ಟಿಗೆಯ ಎತ್ತರ, ಪೆಟ್ಟಿಗೆಯ ಅಗಲ, ಅದಕ್ಕಿಂತ ಒಂದಂಗುಲ ಹೆಚ್ಚಿಲ್ಲ. ಅಲ್ಲಿ ಸಿಮೆಂಟು ಇರಲಿಲ್ಲ, ಸುಣ್ಣದ ಗಾರೆ ಇತ್ತು. ಮೇಸ್ತ್ರಿ ಅಂಗೈ ಇಟ್ಟ. ಮೇಲೆ ಕೂತಿದ್ದ ತೆಳ್ಳನೆಯ ಉಪ್ಪಿನ ಪುಡಿ ಉದುರಿತು, ಅದರ ಹಿಂದೆ ಗೋಡೆ ಒಣಗಿ ಗರಿಗರಿಯಾಗಿತ್ತು. ಇಂಜಿನಿಯರಮ್ಮ ಯಂತ್ರ ಒತ್ತಿದರು. ಪಕ್ಕದ ಸಿಮೆಂಟಿನ ಕಡೆ ಒತ್ತಿದರು. ಮತ್ತೆ ಇಲ್ಲಿ ಒತ್ತಿದರು. "ಇದು ಹೇಗೆ?" ಎಂದರು, ಯಾರನ್ನೂ ಕೇಳದೆ.

ಮೇಸ್ತ್ರಿ ಮಂಡಿಯೂರಿ ಕೆಳಗಿನ ಮೂಲೆ ನೋಡಿದ. ಹೆಬ್ಬೆರಳಿನ ಗುರುತು ಇತ್ತು. ನಡುವೆ ಒಂದು ಓರೆ ಗೀಟು.

"ಅಯ್ಯೋ, ಈಗ ನೆನಪಾಯ್ತು ನೋಡು!" ಗಂಟೆಯವನು ಹಣೆ ಚಚ್ಚಿಕೊಂಡ. "ನೀನು ಸಿನಿಮಾ ಮಂದಿರ ಕಟ್ಟೋಕೆ ಹೋಗಿದ್ಯಲ್ಲ, ಆಗ ಪೆಟ್ಟಿಗೆಗೆ ಹುಳ ಬಿದ್ದು ಬಡಗಿ ರಿಪೇರಿಗೆ ಹೊರಗೆ ಒಯ್ದಿದ್ದ. ನಿಮ್ಮಪ್ಪ ದಿನಾ ಮಧ್ಯಾಹ್ನ ಇಲ್ಲಿ ಬಂದು ನೆಲದ ಮೇಲೆ ಕೂರ್ತಿದ್ದ. ಖಾಲಿ ಜಾಗ ಕಾಣಬಾರದು ಅಂತ ಒಂದು ಗೋಣಿಪರದೆ ಬೇರೆ ಕಟ್ಟಿದ್ದ. ಬಾಗಿಲು ಹಾಕ್ಕೊಂಡು ಹೋಗೋ ಅಂತಿದ್ದ. ಸೊಂಟ ಮುರಿದ ಮೇಲೆ ಮನುಷ್ಯನಿಗೆ ಭಕ್ತಿ ಬಂದಿದೆ ಅಂದ್ಕೊಂಡಿದ್ದೆ ಕಣೋ ನಾನು!"

ಮುರಿದ ಸೊಂಟದಲ್ಲಿ, ನೆಲಕ್ಕೆ ಕೂತು, ಊರುಗೋಲಿಗೆ ಒರಗಿ ನಿಂತು, ಮಗ ಮೆತ್ತಿದ್ದನ್ನು ಅಪ್ಪ ಸದ್ದಿಲ್ಲದೆ ಕೆತ್ತಿದ್ದ. ಕೈಲಾಗುವುದಾದರೆ ಇಡೀ ಗೋಡೆ ಮಾಡುತ್ತಿದ್ದನೇನೋ. ಆದರೆ ಪೆಟ್ಟಿಗೆಯ ಅಂಚು ದಾಟಿದ್ದರೆ ಜನ ಕೇಳುತ್ತಿದ್ದರು, ಮಗನ ಕೆಲಸ ಯಾಕೆ ಕಿತ್ತೆ ಎಂದು. ಅದಕ್ಕೆ ಮುಚ್ಚಿಹೋಗುವಷ್ಟು ಜಾಗವನ್ನು ಮಾತ್ರ ಸರಿಮಾಡಿ, ಗೋಡೆಗೆ ಒಂದು ಮೂಗು ಬಿಟ್ಟು, ಬಾಯಿ ಮುಚ್ಚಿಕೊಂಡು ಆರು ವರ್ಷ ಬದುಕಿ ಹೋಗಿದ್ದ. ಆ ಮೌನವನ್ನು ಮೇಸ್ತ್ರಿ ಇಷ್ಟು ವರ್ಷ ಸಿಟ್ಟು ಎಂದುಕೊಂಡಿದ್ದ.

"ಬೈದಿದ್ರೆ ಆಗ್ತಿತ್ತಲ್ಲಪ್ಪ," ಎಂದ ಅವನು ಗೋಡೆಗೆ. "ಒಂದೇ ಒಂದು ಸಲ ಬೈದಿದ್ರೆ ಆಗ್ತಿತ್ತು." ಅರವತ್ತೆಂಟರ ಮುದುಕ ಎಲ್ಲರ ಮುಂದೆ ಗೋಡೆಗೆ ಹಣೆ ಹಚ್ಚಿ ಅತ್ತ. ಆಳುಗಳು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮಗಳು ಬಂದು ಪಕ್ಕದಲ್ಲಿ ಕೂತಳು.

ಗೋಡೆ ಉಳಿಯಿತು. ಕಬ್ಬಿಣದ ಕೊಳವೆಗಳು ಲಾರಿಯಲ್ಲಿ ವಾಪಸು ಹೋದವು. ಇಂಜಿನಿಯರಮ್ಮ ರಸ್ತೆಯ ಬದಿಗೆ ಚರಂಡಿ ತೋಡಿಸಿ ನೀರನ್ನು ಬುಡದಿಂದ ದೂರ ತಿರುಗಿಸಿದರು. ಚರ್ಚಿನ ಹಿಂದೆ ಹುಲ್ಲು ಬೆಳೆದಿದ್ದ ಸುಣ್ಣದ ಗುಂಡಿಯನ್ನು ಮೇಸ್ತ್ರಿ ಮತ್ತೆ ತೋಡಿದ. ಎಷ್ಟು ದಿನ ಬೇಕು ಎಂದು ಇಂಜಿನಿಯರಮ್ಮ ಕೇಳಿದಾಗ, "ನಾನು ರೆಡಿ ಇದೀನಮ್ಮ, ಸುಣ್ಣ ರೆಡಿ ಇಲ್ಲ. ಅದನ್ನೇ ಕೇಳಿ," ಎಂದ.

ಪೆಟ್ಟಿಗೆಯನ್ನು ಮೊದಲಿನ ಜಾಗಕ್ಕೆ ಸರಿಸಲು ಬಂದವರನ್ನು ಅವನು ತಡೆದ. "ಅದನ್ನ ದಕ್ಷಿಣದ ಗೋಡೆಗೆ ಹಾಕಿ. ಅಪ್ಪ ನನ್ನ ಮಾನ ಕಾಯೋಕೆ ಇಲ್ಲಿ ಮುಚ್ಚಿದ್ದ. ಇನ್ನು ಅದು ಬೇಕಾಗಿಲ್ಲ."

ಮಗಳು ಪುಸ್ತಿಕೆ ತಿದ್ದಲು ಕೂತಾಗ ಕೇಳಿದಳು: "ಬಾವಿ ತೆಗೀತೀನಿ. ಅಲ್ಲಿ ಏನು ಬರೀಲಿ?"

"ಇದ್ದದ್ದನ್ನ ಬರಿ. ಗೋಡೆಗೆ ಮೇಸ್ತ್ರಿ ಸಿಮೆಂಟು ಹಾಕಿ ಕೆಡಿಸಿದ, ಮೇಸ್ತ್ರಿ ಸುಣ್ಣ ಹಾಕಿ ಉಳಿಸಿದ ಅಂತ."

"ತಾತನೂ ಮೇಸ್ತ್ರಿ, ನೀನೂ ಮೇಸ್ತ್ರಿ. ಓದೋರಿಗೆ ಯಾರು ಯಾವುದು ಮಾಡಿದ್ದು ಅಂತ ಗೊತ್ತಾಗ್ಬೇಡ್ವಾ?"

"ಹಾಗಿದ್ರೆ ಬಿಡಿಸಿ ಬರಿ. ಕೆಡಿಸಿದವನು ಮಗ."

ಅವಳು ಹಾಗೆಯೇ ಬರೆದಳು. ಅದು ಹಾಗೆಯೇ ಅಚ್ಚಾಯಿತು.

ಮಾಗಿದ ಸುಣ್ಣದಲ್ಲಿ ಅವನು ಇಡೀ ಗೋಡೆಗೆ ಗಾರೆ ಮಾಡಿದ. ಅಪ್ಪನ ತುಂಡನ್ನು ಮುಟ್ಟಲಿಲ್ಲ. ಅದರ ಪಕ್ಕದಲ್ಲೇ, ಕೆಳಗೆ, ಅಂಗೈಯಷ್ಟು ಜಾಗವನ್ನು ಗಾರೆಯಿಲ್ಲದೆ ಬಿಟ್ಟ. "ಇದ್ಯಾಕೋ ಬಿಟ್ಟೆ, ವಯಸ್ಸಾಯ್ತಾ?" ಎಂದು ಗಂಟೆಯವನು ರೇಗಿಸಿದ. "ಒಂದು ಮಳೆಗಾಲ ಕಳೀಲಿ. ಹೋದ ಸಲ ಅವಸರ ಮಾಡಿ ಬೆರಳು ಒತ್ತಿದ್ದೆ," ಎಂದ ಮೇಸ್ತ್ರಿ.

ಮಳೆಗಾಲ ಆ ವರ್ಷ ಜೋರಾಗಿಯೇ ಬಂತು. ಅವನು ದಿನವೂ ಬಂದು ಗೋಡೆಗೆ ಅಂಗೈ ಇಟ್ಟು ನೋಡಿ ಹೋಗುತ್ತಿದ್ದ. ಬಣ್ಣ ಉಬ್ಬಲಿಲ್ಲ, ಹಕ್ಕಳೆ ಏಳಲಿಲ್ಲ. ಮಳೆ ನಿಂತು ಹದಿನೈದು ದಿನವಾದ ಮೇಲೆ ಒಂದು ಬೆಳಿಗ್ಗೆ ಬಾಂಡ್ಲಿಯ ತಳದಲ್ಲಿ ಒಂದು ಹಿಡಿ ಗಾರೆ ತಂದ. ಉಳಿದ ಅಂಗೈಯಷ್ಟು ಜಾಗವನ್ನು ತುಂಬಿ, ಕರಣೆಯಿಂದ ನಯ ಮಾಡಿದ. ಅಪ್ಪನ ಗುರುತಿನ ಪಕ್ಕದಲ್ಲಿ ಹೆಬ್ಬೆರಳು ಒತ್ತಿದ. ಏಳಲು ಕಷ್ಟವಾಗಿ ಗೋಡೆಗೇ ಕೈಯೂರಿ, ಮುಖ ಹತ್ತಿರ ತಂದು, ಮೆಲ್ಲಗೆ ಹೇಳಿದ:

"ಆಯ್ತು. ಇನ್ನು ಉಸಿರಾಡು."